ಬಾಬುವಿನ ಬಟ್ಟಲುಗಳು

ಕಾಶವ್ವ ಕೊನೆಯ ಬಟ್ಟಲಿನ ನೀರನ್ನೂ ಬಚ್ಚಲಿಗೆ ಚೆಲ್ಲಿ ಬೋರಲು ಹಾಕುತ್ತಿದ್ದಾಗ ಕುಸುಮ ಒಳಗೆ ಬಂದಳು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದೆಂಬುದು ಹಿರಿಯರ ಪದ್ಧತಿ. ಬೆಳಗಿನ ಜಾವ ತನ್ನ ಒಡಹುಟ್ಟಿದ ತಮ್ಮ ಅವ್ವಣ್ಣ ಕಣ್ಣು ಮುಚ್ಚಿದಾಗಿನಿಂದ ಕಾಶವ್ವ ಕೈ ಖಾಲಿ ಬಿಡಲಾರದೆ ಕೊಡ, ಬಕೆಟ್ಟು, ತಂಬಿಗೆಗಳನ್ನೆಲ್ಲ ಬರಿದು ಮಾಡಿದ್ದಳು. ಕಪಾಟಿನ ಬುಡದ್ದು, ಕಿಟಕಿಯ ಕಟ್ಟೆಯದು, ಹೊಲಿಗೆ ಯಂತ್ರದ ಹಿಂದಿನದು, ಒಂದು ಬಟ್ಟಲನ್ನೂ ಬಿಟ್ಟಿರಲಿಲ್ಲ.

"ಅತ್ತಿ, ಅವು ಬಾಬುನ ನೀರ್ರಿ," ಎಂದಳು ಕುಸುಮ.

"ಬೆಕ್ಕಿಗೆ ಬ್ಯಾರೆ ನೀರೇನವಾ? ನಳ ಬಂದಾಗ ಕುಡೀತದ ತಗೋ."

ಮಾವನ ಹೆಣ ನಡುಮನೆಯಲ್ಲಿರುವಾಗ ಸೊಸೆಯಾದವಳು ಬೆಕ್ಕಿನ ಮಾತು ಬೆಳೆಸುವುದೆಂತು? ಆದರೆ ಹೆಣ ಎತ್ತುವ ಹೊತ್ತಿಗೆ ಹಿತ್ತಿಲ ಮೂಲೆಯಿಂದ ಮರಳು ಕೆರೆಯುವ ಸದ್ದು ಕೇಳಿತು. ಬಾಬು ಮರಳಿನ ತಟ್ಟೆಯಲ್ಲಿ ಕೂರುತ್ತಿದ್ದ, ಏಳುತ್ತಿದ್ದ, ಮತ್ತೆ ಕೂತು ಸಣ್ಣಗೆ ನರಳುತ್ತಿದ್ದ. ಮರಳು ಒಣಗಿಯೇ ಇತ್ತು. 

*

ಅವ್ವಣ್ಣ ಮರಾಠಿ ಸೀಮೆಯ ಕಾತ್ರಜದ ಬಸ್ ನಿಲ್ದಾಣದಲ್ಲಿ ನಿಂತು ಕರ್ನಾಟಕದ ಬಸ್ಸುಗಳಿಗೆ ಜನ ತುಂಬಿಸುತ್ತಲೇ ಮುದುಕನಾದವನು. ಸೀಟು ಭರ್ತಿಯಾದರೆ ಬಸ್ಸಿನ ಪಕ್ಕೆಗೆ ಬಡಿದು "ಹೊಂಟಿತ್ರೀ, ಹೊಂಟಿತು!" ಎಂದು ಕೂಗುವುದೇ ಅವನ ಕೆಲಸ.

ಬಾಬು ಮೊದಲ ಸಲ ಹೀಗೆ ಕೂತು ನರಳಿದಾಗ ಮನೆಮಂದಿಯೆಲ್ಲ ಹೊಟ್ಟೆ ಕಟ್ಟಿದೆ ಎಂದುಕೊಂಡಿದ್ದರು. ಅವ್ವಣ್ಣ ಹರಳೆಣ್ಣೆಯನ್ನೂ ಕುಡಿಸಿದ್ದ. ಕಟ್ಟಿದ್ದು ಉಚ್ಚೆ ಎಂದು ತಿಳಿಸಿದವಳು ಪಕ್ಕದ ಧನಕವಡಿಯ ದನಕರುಗಳ ಡಾಕ್ಟರು ಸುರಭಿ. ಗಂಡು ಬೆಕ್ಕಿನ ದಾರಿ ಸಣ್ಣದು, ಹರಳು ಸಿಕ್ಕಿ ಮುಚ್ಚಿಕೊಂಡರೆ ಒಂದೆರಡು ದಿನದಲ್ಲಿ ಜೀವವೇ ಹೋಗುತ್ತದೆ ಎಂದು ಹೇಳಿ, ನಳಿಗೆ ಹಾಕಿ ಉಳಿಸಿಕೊಟ್ಟಳು. ಮಳೆಗಾಲದಲ್ಲಿ ಮತ್ತೆ ಕಟ್ಟಿತು. ಆಮೇಲೆ ಅವ್ವಣ್ಣ ಬೆಕ್ಕಿನ ಒಣ ತಿನಿಸು ನಿಲ್ಲಿಸಿ, ಮೆತ್ತನೆಯ ಊಟಕ್ಕೆ ಬಿಸಿನೀರು ಬೆರೆಸಿ ಹಾಕತೊಡಗಿದ. ಮೂಲೆಗೊಂದು ಬಟ್ಟಲಿಟ್ಟ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಮರಳು ನೋಡುವನು. ಒದ್ದೆ ಕಂಡರೆ ಗೋಡೆಗೆ ಬಡಿದು "ಹೊಂಟಿತ್ರೀ, ಹೊಂಟಿತು!" ಎನ್ನುವನು. ಮಹಡಿಯವರಿಗೂ ಅದೇ ಬೆಳಗಿನ ಗಂಟೆ.

"ಬಸ್ ಬಿಟ್ರೂ ಚಟಾ ಬಿಡ್ಲಿಲ್ಲ ಮಾವಾರ," ಎಂದು ಕುಸುಮ ನಗುತ್ತಿದ್ದಳು.

"ಇದು ಒಂದ ಸೀಟಿನ ಗಾಡಿ ನೋಡವಾ. ತಡಾ ಆತಂದ್ರ ಹೋದಂಗ."

ಹಾಗೆ ಕಾದದ್ದಕ್ಕೆ ಎರಡು ವರ್ಷದಿಂದ ಬಾಬುವಿಗೆ ಕಟ್ಟಿರಲಿಲ್ಲ.

*

ಗಂಡಸರು ಹೆಣದ ಹಿಂದೆ ಹೊರಟೊಡನೆ ಕುಸುಮ ಬಾಬುವನ್ನು ಬುಟ್ಟಿಗೆ ಹಾಕಿಕೊಂಡಳು. ಕಾಶವ್ವ ಬಾಗಿಲಿಗೆ ಅಡ್ಡ ನಿಂತಳು.

"ಸೂತಕದಾಗ ಹೊಸ್ತಿಲ ದಾಟತೀಯಾ? ಅದೂ ಬೆಕ್ಕಿನ ಸಲುವಾಗಿ?"

"ಮಾವಾರು ಹ್ವಾದ್ರು ಅತ್ತಿ. ಅವರು ಉಳಿಸಿದ್ದಾದ್ರೂ ಉಳೀಲಿ."

ಕಾಶವ್ವ ಬುಟ್ಟಿಯೊಳಗೆ ಇಣುಕಿದಳು. ಬಾಬು ನರಳಿದ. ಅವಳು ಪಕ್ಕಕ್ಕೆ ಸರಿದಳು.

ಸುರಭಿ ಹೊಟ್ಟೆ ಮುಟ್ಟಿ ನೋಡಿ, ಇನ್ನೂ ಕಟ್ಟಿಲ್ಲ, ಉಚ್ಚೆಚೀಲ ಮೆತ್ತಗಿದೆ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದಳು. ಜನಜಂಗುಳಿಯ ಗಾಬರಿಗೆ, ನೀರಿಲ್ಲದ್ದಕ್ಕೆ ಉರಿ ಎದ್ದಿದೆ ಎಂದು ಒಂದು ಸೂಜಿ ಕೊಟ್ಟಳು. ನೀರು ಕುಡಿಯಬೇಕು, ಸಂಜೆಯೊಳಗೆ ಉಚ್ಚೆ ಹೊಯ್ಯದಿದ್ದರೆ ತಿರುಗಿ ತರಲೇಬೇಕು ಎಂದಳು.

ಮನೆಗೆ ಬಂದರೆ ಗಂಡಸರು ಸುಡುಗಾಡಿನಿಂದ ಬಂದು ಮಿಂದು ಕೂತಿದ್ದರು. ಅವ್ವಣ್ಣ ಮಲಗಿದ್ದ ಜಾಗದಲ್ಲಿ ಕಾಶವ್ವ ದೀಪ ಹಚ್ಚಿ, ಹೋದ ಜೀವಕ್ಕೆಂದು ಅವನದೇ ಕಂಚಿನ ಬಟ್ಟಲಲ್ಲಿ ಹೊಸ ನೀರಿಟ್ಟಿದ್ದಳು. ಕುಸುಮ ಮೂಲೆಮೂಲೆಯ ಬಟ್ಟಲುಗಳನ್ನೆಲ್ಲ ಮತ್ತೆ ತುಂಬಿದಳು. ಬಾಬು ಒಂದನ್ನೂ ಮೂಸಲಿಲ್ಲ. ಕೂತವರ ಕಾಲು ಸಂದಿಯಲ್ಲಿ ನುಸುಳಿ ನೆಟ್ಟಗೆ ದೀಪದ ಬಳಿಗೆ ನಡೆದು ಕಂಚಿನ ಬಟ್ಟಲಿಗೆ ಬಾಯಿ ಹಚ್ಚಿದ. ಕುಸುಮಳ ಗಂಡ ಓಡಿಸಲು ಕೈ ಎತ್ತಿದ. ಕಾಶವ್ವ ಆ ಕೈ ಹಿಡಿದಳು.

"ಕುಡೀಲಿ ಬಿಡು. ನಿಮ್ಮಪ್ಪ ಯಾವತ್ತರೆ ಇವನ್ನ ಬಿಟ್ಟು ಕುಡದಾನೇನು?"

ಸಂಜೆ ಬಂತು. ಹಿತ್ತಿಲಲ್ಲಿ ಮರಳು ಕೆರೆದ ಸದ್ದಾಯಿತು. ಮಾತಾಡುತ್ತಿದ್ದವರೆಲ್ಲ ಅತ್ತ ತಿರುಗಿದರು. ಸದ್ದು ನಿಂತಿತು, ಮತ್ತೆ ಎದ್ದಿತು. ಕುಸುಮ ಹೋಗಿ ಬಗ್ಗಿ ನೋಡಿದಳು. ಮರಳಿನ ನಡುವೆ ಅಂಗೈ ಅಗಲದ ಒದ್ದೆ, ಇನ್ನೂ ಬಿಸಿ ಆರಿರಲಿಲ್ಲ. ಅವಳ ಕೈ ತಾನಾಗಿ ಗೋಡೆಗೆ ಬಡಿಯಿತು.

"ಹೊಂಟಿತ್ರೀ, ಹೊಂಟಿತು!"

ಬೆಳಗಿನಿಂದ ಮುಖ ಬಾಡಿಸಿಕೊಂಡಿದ್ದ ಗಂಡ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟ. ಮಹಡಿಯವರು ಕೇಳಿತೆಂಬಂತೆ ಮೇಲಿನಿಂದ ನೆಲ ಬಡಿದರು.

ಕಾಶವ್ವ ಮೊಣಕಾಲು ಹಿಡಿದು ಎದ್ದು, ತಂಬಿಗೆ ತಂದು ಕಂಚಿನ ಬಟ್ಟಲಿಗೆ ಅಂಚು ಮುಟ್ಟ ನೀರು ತುಂಬಿದಳು. ಆಮೇಲೆ ಬಾಬುವಿನ ಮೀಸೆ ಸುಡದ ಹಾಗೆ ದೀಪವನ್ನು ಒಂದು ಗೇಣು ಆಚೆಗೆ ಸರಿಸಿದಳು.