ಬೆಳ್ಳಿ, ಕರಿಯನ ನಡುವಿನ ಹಲಗೆ

ನಾನು ಒಂದು ಹಲಗೆ. ಅಂತಿಂಥ ಹಲಗೆಯಲ್ಲ, ತೇಗದ್ದು! ಗದಗಿನ ನೀಲವ್ವನ ಮದುವೆಗೆ ಮಾಡಿಸಿದ ಮಂಚದಲ್ಲಿ ತಲೆಯ ಕಡೆ ನಿಂತಿದ್ದವನು. ಗಂಡ ಹೆಂಡತಿ ನನಗೆ ಒರಗಿ ಕೂತು ಮಾತಾಡುತ್ತಿದ್ದರು. ಗಂಡ ತೀರಿಹೋದ ಮೇಲೆ ನೀಲವ್ವ ನೆಲಕ್ಕೆ ಚಾಪೆ ಹಾಸಿದಳು. ಮಂಚ ಬಿಚ್ಚಿ ಅಟ್ಟಕ್ಕೆ ಹೋಯಿತು. ಅಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ.

ಮಗ ಫಕೀರಪ್ಪ ಬಸ್ ಕಂಡಕ್ಟರ್. ತಾನು ಡ್ಯೂಟಿಗೆ ಹೋದಾಗ ಅವ್ವನಿಗೆ ಜೊತೆಯಿರಲಿ ಎಂದು ಸಂತೆಯಿಂದ ಎರಡು ಮೊಲ ತಂದ. ಒಂದು ಬೆಳ್ಳಿ, ಇನ್ನೊಂದು ಕರಿಯ. ಎರಡೂ ಹೆಣ್ಣೇ ಎಂದು ಮಾರಿದವನು ಆಣೆ ಮಾಡಿದ್ದನಂತೆ. ಎಂಥ ಹೆಣ್ಣೋ! ಬೆಳ್ಳಿ ಮರಿ ಹಾಕಿತು; ಕಪ್ಪು ಮೊಲಕ್ಕೆ ಕರಿಯ ಎಂಬ ಗಂಡು ಹೆಸರು ಬಂದದ್ದೇ ಆಗ. ಹಾಕಿದ ದಿನವೇ ಕರಿಯ ಮತ್ತೆ ಅದರ ಜೊತೆ ಸೇರಿ, ತಿಂಗಳಿಗೆ ಇನ್ನೊಂದು ಸೂಲು. ಮರಿಗಳನ್ನು ಕಂಡಕಂಡವರಿಗೆ ಹಂಚಿ ಫಕೀರಪ್ಪ ಸುಸ್ತಾದ. ಬೆಳ್ಳಿಯಂತೂ ಎಲುಬಿನ ಹಂದರವಾಯಿತು.

ದನದ ಡಾಕ್ಟರ್ ಕರಿಯನಿಗೆ ಮರಿಯಾಗದಂತೆ ಆಪರೇಷನ್ ಮಾಡಿದರು. ಮನೆಗೆ ಬಂದ ಫಕೀರಪ್ಪ ನನ್ನನ್ನು ಅಟ್ಟದಿಂದ ಇಳಿಸಿ, ಅಳತೆಗೆ ಕೊಯ್ದು, ಒಂದರ ವಾಸನೆ ಇನ್ನೊಂದಕ್ಕೆ ಸಿಗಲಿ ಎಂದು ಸಣ್ಣ ಸಣ್ಣ ತೂತು ಕೊರೆದು ಗೂಡಿನ ನಡುವೆ ಬಿಗಿಯಾಗಿ ಇಳಿಸಿದ.

"ಯವ್ವಾ, ಆಪರೇಷನ್ ಆದ್ರೂ ಒಂದೂವರೆ ತಿಂಗಳು ಇವನ್ನ ಕೂಡಿಸಬಾರದಂತ. ಅಲ್ಲೀತನಾ ಬಸಿರು ನಿಲ್ಲಬಹುದಂತ. ಇನ್ನೊಂದು ಸೂಲಾದ್ರ ಬೆಳ್ಳಿ ಉಳಿಯಂಗಿಲ್ಲ."

ಜೋಡಿಯನ್ನು ಹೊತ್ತು ನಿಂತಿದ್ದವನಿಗೆ ಜೋಡಿಯನ್ನು ಅಗಲಿಸುವ ಕೆಲಸ! ಬೆಳ್ಳಿ ಈ ಕಡೆ ಒರಗುತ್ತಿತ್ತು, ಕರಿಯ ಆ ಕಡೆ. ಎರಡರ ಬಿಸಿಯೂ ನನಗೇ ತಾಗುತ್ತಿತ್ತು, ಒಂದರದು ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ನೀಲವ್ವನಿಗೆ ತಡೆಯಲಾಗಲಿಲ್ಲ. "ಆಪರೇಷನ್ ಆಗಿ ಎಂಟು ದಿನಾತು. ಇನ್ನೇನು ಬಸಿರು?" ಎನ್ನುತ್ತ ನನ್ನನ್ನು ಹಿಡಿದು ಎಳೆದಳು. ಮೊಲಗಳ ನೀರಿನ ಬಟ್ಟಲು ಉರುಳಿ, ನೆನೆದು ನಾನು ಉಬ್ಬಿಕೊಂಡಿದ್ದೆ. ಜಗ್ಗಿದಳು, ಅಲುಗಾಡಿಸಿದಳು. ನಾನು ಜಪ್ಪಯ್ಯ ಎನ್ನಲಿಲ್ಲ. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಫಕೀರಪ್ಪ ಬಂದ.

"ಯವ್ವಾ, ಬಿಡು! ಬೆಳ್ಳಿ ಸಾಯ್ತೈತಿ!"

ನೀಲವ್ವ ನನ್ನನ್ನು ಬಿಟ್ಟು ಅಲ್ಲೇ ಕೂತಳು. "ಪಕ್ಕದಾಗಿದ್ದೂ ಸಿಗದಂಗ ಇರಬೇಕಲ್ಲೋ, ಪಾಪ. ಒಬ್ಬಾಕಿನ ಇರೋದು ಹೆಂಗಿರ್ತೈತಿ ಅಂತ ನನಗ ಗೊತ್ತೈತೆಪಾ" ಎಂದು ಅತ್ತಳು. ಮಗ ಅವ್ವನ ಪಕ್ಕ ಕೂತ.

ಆಮೇಲೆ ಆಕೆ ದಿನಾ ಬೆಳ್ಳಿಗೆ ಮೆಂತ್ಯ ಸೊಪ್ಪು ತಿನ್ನಿಸಿ ಬೆನ್ನು ಸವರಿದಳು. ಬೆಳ್ಳಿ ಮೈದುಂಬಿಕೊಂಡಿತು. ಡಾಕ್ಟರ್ ಹೇಳಿದ ಗಡುವು ದಾಟಿದ ಮೇಲೆ ನೀಲವ್ವನೇ ನನ್ನನ್ನು ಎತ್ತಿದಳು. ಒಣಗಿದ್ದೆ, ಸಲೀಸಾಗಿ ಬಂದೆ. ಮೊದಲು ಅಟ್ಟಾಡಿಸಿಕೊಂಡ ಮೊಲಗಳು ಸಂಜೆಗೆ ಒಂದಕ್ಕೊಂದು ಅಂಟಿ ಮಲಗಿದವು. ಮತ್ತೆ ಮರಿಯಾಗಲಿಲ್ಲ.

ಈಗ ನಾನು ಗೂಡಿನೆದುರಿನ ಗೋಡೆಗೆ ಒರಗಿದ್ದೇನೆ. ಮೈಯ ತೂತುಗಳಲ್ಲಿ ಇನ್ನೂ ಅವುಗಳ ಕೂದಲಿದೆ. ಮೊಲಗಳಿಗೆ ನನ್ನ ನೆನಪಿಲ್ಲ, ಇರಬೇಕಾಗಿಯೂ ಇಲ್ಲ. ಸಂಜೆ ನೀಲವ್ವ ಬಂದು ನನಗೆ ಬೆನ್ನು ಕೊಟ್ಟು, ಅವುಗಳನ್ನು ನೋಡುತ್ತ ಕೂರುತ್ತಾಳೆ. ಮಂಚದಲ್ಲಿ ತನ್ನದಾಗಿದ್ದ ಕಡೆಗೇ ಒರಗುತ್ತಾಳೆ. ಇನ್ನೊಂದು ಕಡೆ ತಣ್ಣಗಿರುತ್ತದೆ.