ರಸೀದಿ ಸಾಹೇಬರು

ಅವರ ಕೋಟಿನ ಜೇಬುಗಳನ್ನೆಲ್ಲ ಹೊಲಿದು ಮುಚ್ಚಲಾಗಿತ್ತು. ಬೂದು ಬಣ್ಣದ, ಮೊಣಕೈ ಸವೆದು ಹೊಳಪೇರಿದ ಆ ಕೋಟಿಗೆ ಎದೆಯ ಮೇಲೊಂದು, ಪಕ್ಕಕ್ಕೆರಡು, ಒಳಗೊಂದು ಜೇಬಿದ್ದು, ನಾಲ್ಕರ ಬಾಯಿಗೂ ಕಪ್ಪು ದಾರದ ಒತ್ತೊತ್ತಾದ ಹೊಲಿಗೆ ಬಿದ್ದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುತ್ತಿಗೆದಾರನೊಬ್ಬ ಕುಶಲ ವಿಚಾರಿಸುವ ನೆಪದಲ್ಲಿ ಹತ್ತಿರ ಬಂದು ಜೇಬಿಗೆ ಲಕೋಟೆ ತೂರಿಸಿ ಹೋಗಿದ್ದನಂತೆ. ಅದನ್ನು ಹಿಂದಿರುಗಿಸಿ, ಅಂದೇ ಸಂಜೆ ದರ್ಜಿಯ ಬಳಿ ಈ ಬಂದೋಬಸ್ತು ಮಾಡಿಸಿಕೊಂಡರು. ಆಮೇಲೆ ಕನ್ನಡಕ, ಪೆನ್ನು, ಕರವಸ್ತ್ರ, ಬಸ್ಸಿನ ಚಿಲ್ಲರೆ ಎಲ್ಲವೂ ಒಂದು ಬಟ್ಟೆಯ ಚೀಲಕ್ಕೆ ಹೋದವು. ಆ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಗೋಡೆಯ ಅಂಚಿಗೇ ಮೆಲ್ಲಗೆ ನಡೆದು ಬರುತ್ತಿದ್ದರು.

ನಮ್ಮದು ಸರ್ಕಾರಕ್ಕೆ ಬೇಕಾದ ಸಾಮಾನು ಸರಂಜಾಮು ಕೊಳ್ಳುವ ಇಲಾಖೆ. ಅಧಿಕಾರಿಗಳಿಗೆ ಬಂದ ಉಡುಗೊರೆಗಳನ್ನು ವಹಿಯಲ್ಲಿ ಬರೆದು, ಬೆಲೆ ಕಟ್ಟಿಸಿ, ಮಿತಿಯೊಳಗಿದ್ದರೆ ಪಡೆದವರಿಗೇ ಬಿಟ್ಟು, ಮಿತಿ ಮೀರಿದರೆ ಬೀರುವಿಗೆ ಸೇರಿಸಿ ವರ್ಷಕ್ಕೊಮ್ಮೆ ಹರಾಜು ಹಾಕುವುದು ಸಾಹೇಬರ ಶಾಖೆಯ ಕೆಲಸ. ಶಾಖೆ ಎಂದರೆ ಅವರು, ಗುಮಾಸ್ತನಾದ ನಾನು, ಮತ್ತು ಆ ಕಬ್ಬಿಣದ ಬೀರು. ಹರಾಜಿನಲ್ಲಿ ಯಾರೂ ಕೊಳ್ಳದೆ ಅದರೊಳಗೇ ಉಳಿದ ಹತ್ತಾರು ಗಡಿಯಾರಗಳು ಒಂದೊಂದು ಹೊತ್ತಿಗೆ ನಿಂತುಹೋಗಿದ್ದವು. ಮಿಠಾಯಿಯ ಡಬ್ಬ ಬಂದರೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ ರಸೀದಿ ತರಿಸುತ್ತಿದ್ದರು. ಅದಕ್ಕೇ ಎಲ್ಲರ ಬಾಯಲ್ಲಿ ಅವರು ರಸೀದಿ ಸಾಹೇಬರು. ಯಾವ ಮಾತಿಗೂ ಮುಂಚೆ "ಬೇಜಾರು ಮಾಡ್ಕೋಬೇಡಿ" ಅನ್ನುತ್ತಿದ್ದರು. ಆಮೇಲೆ ಬರುವ ಮಾತು ಬೇಜಾರಿನದೇ ಆಗಿರುತ್ತಿತ್ತು.

ಒಮ್ಮೆ ಮಂತ್ರಿಗಳ ಕೈಯಲ್ಲಿ ಹೊಸ ಚಿನ್ನದ ವಾಚು ಕಂಡು ಅವರ ಕೊಠಡಿಗೇ ಹೋದರು. ನಾನು ವಹಿ ಹಿಡಿದು ಹಿಂದೆ ನಿಂತಿದ್ದೆ.

"ಇದು ಸ್ನೇಹಿತರು ಕೊಟ್ಟಿದ್ದು ಕಣ್ರೀ," ಎಂದರು ಮಂತ್ರಿಗಳು.

"ಬೇಜಾರು ಮಾಡ್ಕೋಬೇಡಿ ಸಾರ್. ಆ ಸ್ನೇಹಿತರ ಟೆಂಡರು ನಿಮ್ಮ ಮೇಜಿನ ಮೇಲೇ ಇದೆ."

ವಾಚು ಹಿಂದಕ್ಕೆ ಹೋಯಿತು. ಮರುವಾರ ಅದೇ ಸ್ನೇಹಿತರು ಮಂತ್ರಿಗಳ ಪಕ್ಷದ ನಿಧಿಗೆ ಅಂಥ ನೂರು ವಾಚು ಕೊಳ್ಳುವಷ್ಟು ದೇಣಿಗೆ ಕೊಟ್ಟು, ಕ್ರಮಬದ್ಧವಾಗಿ ರಸೀದಿ ಪಡೆದುಕೊಂಡರು. ಟೆಂಡರೂ ಅವರಿಗೇ ಆಯಿತು. ದೇಣಿಗೆ ಉಡುಗೊರೆಯಲ್ಲ, ನಮ್ಮ ವಹಿಗೆ ಬರುವಂಥದ್ದಲ್ಲ. ಸಾಹೇಬರು ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ.

ಅವರಿಗೆ ಒಬ್ಬನೇ ತಮ್ಮ, ಕುರ್ಚಿ ಮೇಜು ಮಾಡಿಸಿ ಮಾರುವವನು. ಒಂದು ವರ್ಷ ನಮ್ಮ ಇಲಾಖೆಯ ಗುತ್ತಿಗೆ ಅವನಿಗೆ ನ್ಯಾಯವಾಗಿಯೇ ಸಿಕ್ಕಿತು. ಅಂದಿನಿಂದ ವಹಿಯ ಭಾಷೆಯಲ್ಲಿ ತಮ್ಮ 'ಇಲಾಖೆಯೊಡನೆ ವ್ಯವಹಾರವುಳ್ಳವರು' ಆಗಿಹೋದ. ವಯಸ್ಸಾದ ತಾಯಿ ಇದ್ದದ್ದು ಅವನ ಮನೆಯಲ್ಲೇ. ಸಾಹೇಬರು ಪ್ರತಿ ಭಾನುವಾರ ತಾಯಿಯನ್ನು ನೋಡಲು ಹೋಗುತ್ತಿದ್ದರು, ಕುಡಿಯುವ ನೀರನ್ನು ಸ್ವಂತ ಮನೆಯಿಂದಲೇ ಒಯ್ಯುತ್ತಿದ್ದರು. ತಮ್ಮನ ಹೆಂಡತಿ ತಂದಿಟ್ಟ ಕಾಫಿ ಆರಿ ಕೆನೆಗಟ್ಟುತ್ತಿತ್ತು.

ಆ ಚಳಿಗಾಲ ತಾಯಿ ಇವರಿಗಾಗಿ ಒಂದು ಸ್ವೆಟರ್ ಹೆಣೆದರು. ಕಣ್ಣು ಮಂಜಾಗಿತ್ತು, ಬೆರಳ ತುದಿಯಲ್ಲೇ ಹೆಣಿಗೆಯ ಮನೆ ಎಣಿಸಿ ಎಣಿಸಿ ಐದು ತಿಂಗಳು ಹೆಣೆದದ್ದು. ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದ. ಉಣ್ಣೆ ಕೊಂಡವನು ತಮ್ಮ. ಸೋಮವಾರ ಸಾಹೇಬರು ಅದನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟು, "ಬೆಲೆ ಕಟ್ಟಿ" ಎಂದರು.

ಇಲ್ಲಿ ನನ್ನ ತಪ್ಪು ಬರುತ್ತದೆ. ಹೆತ್ತ ತಾಯಿಯ ಕೈಕೆಲಸಕ್ಕೆ ಕಡಿಮೆ ಬರೆದರೆ ಅವಮಾನವಾದೀತೆಂದು, ಅಂಗಡಿಯ ಒಳ್ಳೆಯ ಸ್ವೆಟರಿನ ಬೆಲೆಗೆ ಐದು ತಿಂಗಳ ಮಜೂರಿ ಸೇರಿಸಿ, ಮರ್ಯಾದೆ ತೋರಿಸುವ ಹುರುಪಿನಲ್ಲಿ ಬೆಲೆಚೀಟಿಯಲ್ಲಿ ಧಾರಾಳವಾಗಿ ಬರೆದುಬಿಟ್ಟೆ. ಹನ್ನೊಂದು ವರ್ಷ ಅದೇ ಕೆಲಸ ಮಾಡಿದವನಿಗೆ ಆ ಗಳಿಗೆಯಲ್ಲಿ ಮಿತಿಯ ನೆನಪೇ ಬರಲಿಲ್ಲ! ಸಾಹೇಬರು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು.

"ಬೇಜಾರು ಮಾಡ್ಕೋಬೇಡಿ. ಮಿತಿ ದಾಟಿದೆ."

ನಾನು ಚೀಟಿಗೆ ಕೈ ಚಾಚಿದೆ. "ಸಾರ್, ಹರಿದು ಹಾಕಿ, ಇನ್ನೊಂದು ಬರ್ಕೊಡ್ತೀನಿ."

"ನನಗೋಸ್ಕರ ನೀವು ಬೆಲೆ ಇಳಿಸಿದ್ರೆ ಅದೂ ಒಂದು ಉಡುಗೊರೆನೇ ಅಲ್ವಾ?"

ಸ್ವೆಟರ್ ಬೀರುವಿಗೆ ಹೋಯಿತು. ಮಿತಿ ಮೀರಿತೆಂದು ಆ ವರ್ಷ ಬೀರು ಸೇರಿದ ಉಡುಗೊರೆ ಅದೊಂದೇ.

ತಡೆಯಲಾರದೆ ಮುಂದಿನ ಭಾನುವಾರ ನಾನೂ ಅವರ ಜೊತೆ ಹೋದೆ. ತಾಯಿ ಮಗನ ಎದೆ, ಭುಜ, ತೋಳು ಎಲ್ಲ ತಡವಿ ನೋಡಿದರು.

"ಯಾಕೋ ಹಾಕ್ಕೊಂಡಿಲ್ಲ? ಬಿಗಿಯಾಯ್ತಾ?"

"ಇಲ್ಲಮ್ಮ. ಆಫೀಸಲ್ಲಿದೆ."

"ಅಲ್ಲೇ ಇರ್ಲಿ ಬಿಡಪ್ಪ. ಅಲ್ಲೇ ಚಳಿ ಜಾಸ್ತಿ," ಎಂದು ಆಕೆ ಸಮಾಧಾನದಿಂದ ಕೈ ತೆಗೆದರು. ಹಿಂದಿರುಗುವಾಗ ಬಸ್ ನಿಲ್ದಾಣದವರೆಗೂ ಸಾಹೇಬರು ಚೀಲದ ಬಾಯಿ ಅದುಮಿ ಹಿಡಿದೇ ನಡೆದರು. ಬಸ್ಸು ಬಂದಾಗ, "ಸುಳ್ಳು ಹೇಳ್ಬಿಟ್ಟೆ ಕಣ್ರೀ" ಎಂದರು. ಆಫೀಸಿನಲ್ಲಿ ಇರುವುದು ನಿಜವೇ ಅಲ್ಲವೇ ಎಂದು ನಾನು ವಾದಿಸಬಹುದಿತ್ತು. ಅವರ ಹಿಂದೆ ಬಸ್ಸು ಹತ್ತಿದೆ.

ತಿಂಗಳೊಳಗೆ ತಾಯಿ ಹೋದರು. ಅದಾಗಿ ಮೂರು ವಾರಕ್ಕೆ ಹರಾಜು. ಶಾಖೆಯವರೂ ಅವರ ಮನೆಯವರೂ ಸವಾಲು ಕೂಗುವಂತಿಲ್ಲ ಎಂಬುದು ನಿಯಮ. ಹಾಗಾಗಿ ಸಾಹೇಬರಿಗೂ ಬಾಯಿಲ್ಲ, ತಮ್ಮನಿಗೂ ಇಲ್ಲ, ನನಗೂ ಇಲ್ಲ. ತಮ್ಮ ಬಂದು ಬಾಗಿಲಲ್ಲೇ ನಿಂತು, "ಅಣ್ಣಾ, ಅಮ್ಮ ಕೊಟ್ಟಿದ್ದಕ್ಕೂ ರಸೀದಿ ಹಾಕಿದ್ಯಲ್ಲೋ!" ಎಂದು ಒಂದೇ ಮಾತು ಹೇಳಿ ಹೊರಟುಹೋದ. ಹಳೆ ಬಟ್ಟೆಯ ವ್ಯಾಪಾರಿಯೊಬ್ಬ ಸ್ವೆಟರನ್ನು ಕಚೇರಿಯ ಎರಡು ಹಳೆ ಪರದೆಗಳ ಜೊತೆ ಸೇರಿಸಿ, ನಾನು ಕಟ್ಟಿದ್ದ ಬೆಲೆಯ ಹತ್ತನೇ ಒಂದು ಪಾಲಿಗೆ ಕೊಂಡ. ಅಷ್ಟೇ ಅದರ ಪೇಟೆಬೆಲೆ, ಮಿತಿಗಿಂತ ಎಷ್ಟೋ ಕೆಳಗೆ. ಸಾಹೇಬರು ಅದನ್ನು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದು, ಶಾಯಿ ಹೀರುವ ಕಾಗದ ಒತ್ತಿ, ವಹಿ ಮುಚ್ಚಿದರು. ನಾನು ಹೊರಗೆ ಹೋಗಿ ಅತ್ತೆ.

ಸರ್ಕಾರದ ಕಚೇರಿಗಳಲ್ಲಿ ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇ ಇರುತ್ತಾರೆ. ಮೇಯುವವರಿಗೆಂದು ಹಾಕಿದ ಬೇಲಿಗೆ ಮೈ ತರಚಿಕೊಳ್ಳುವವರು ಇವರು. ಮೇಯುವವರು ಗೇಟಿನಲ್ಲೇ ಹೋಗಿ ಬರುತ್ತಾರೆ. ಇವರ ಪ್ರಾಮಾಣಿಕತೆ ದೊಡ್ಡದು, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ, ಆದರೆ ಅದರ ಹತ್ತಿರ ನಿಂತು ಚಳಿ ಕಾಯಿಸಿಕೊಳ್ಳಲಾಗುವುದಿಲ್ಲ. ಯಾರಿಂದಲೂ ಏನನ್ನೂ ಮುಟ್ಟಿದವರಲ್ಲ ಎಂದು ಬೀಳ್ಕೊಡುಗೆಯ ಸಭೆಯಲ್ಲಿ ಯಾರೋ ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಪ್ರೀತಿಯಿಂದ ಕೊಡಲು ಕೈ ಚಾಚಿದವರ ಗತಿ ಏನಾಯಿತೆಂದು ಆ ಸಭೆಯಲ್ಲಿ ಯಾರೂ ಕೇಳುವುದಿಲ್ಲ.