ಚಳಿಗೆ ಸತ್ತ ಹೆಪ್ಪು

ಬಿಟ್ಟಿ ಸಿಕ್ಕಿದ್ದಕ್ಕೆ ಕೈಚಾಚುವವಳಲ್ಲ ನಾನು. ಆದರೆ ಆ ಬೀದಿಯಲ್ಲಿ ಕೈಚಾಚಬೇಕಾಗಿಯೇ ಇಲ್ಲ, ಅಂಗಡಿಯವರೇ ಕೈ ಹಿಡಿದು ತುರುಕುತ್ತಾರೆ. ಬಿಸಿನೀರಿನ ಬುಗ್ಗೆಯ ಊರು. ಮೊಣಕಾಲು ನೋವಿಗೆ ಸ್ನಾನವೂ ಆಯಿತು, ಅಲ್ಲಿ ಯಾವುದೋ ವಸತಿಗೃಹದಲ್ಲಿ ಸ್ನಾನದ ತೊಟ್ಟಿ ತಿಕ್ಕುತ್ತೇನೆ ಎಂದಿದ್ದ ನನ್ನ ತಮ್ಮ ತೆತ್ಸುಯಾನನ್ನು ನೋಡಿದ ಹಾಗೂ ಆಯಿತು ಎಂದುಕೊಂಡು, ಅವನಿಗೆ ಇಷ್ಟವೆಂದು ಮೂಲಂಗಿ ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿದ್ದೆ.

“ಬನ್ನಿ ಅಜ್ಜಿ, ಈಗ ತಾನೇ ಹಬೆಯಿಂದ ಇಳಿಸಿದ್ದು! ತಿಂದು ನೋಡಿ, ದುಡ್ಡು ಬೇಡ!” ಎನ್ನುತ್ತ ಒಬ್ಬಳು ನನ್ನ ಒಂದು ಕೈಗೆ ಹೂರಣ ತುಂಬಿದ ಮಂಜೂ ಬನ್ನು, ಇನ್ನೊಂದು ಕೈಗೆ ಚಹಾದ ಬಟ್ಟಲು ಇಟ್ಟೇಬಿಟ್ಟಳು.

“ಅಜ್ಜಿ ಯಾರೇ? ನನಗಿನ್ನೂ ಅರವತ್ತೆರಡು.”

“ಹಾಗಾದ್ರೆ ಅಕ್ಕಾ, ತಿನ್ನಿ. ಬಟ್ಟಲು ಮಾತ್ರ ಒಳಗೆ ಕೊಟ್ಟು ಹೋಗಿ.”

ಅದೇ ಅವರ ಕಿತಾಪತಿ. ಬಟ್ಟಲು ಹಿಡಿದವರು ಅಂಗಡಿಯೊಳಕ್ಕೆ ಹೋಗಲೇಬೇಕು, ಹೋದವರಿಗೆ ಒಂದು ಡಬ್ಬಿ ಕೊಳ್ಳದೆ ಹೊರಡಲು ಮುಖವಿರುವುದಿಲ್ಲ. ಮೂವತ್ತು ವರ್ಷ ಬನ್ನು ಮಾರಿದವಳು ನಾನು, ನನಗೆ ಗೊತ್ತಿಲ್ಲವೇ? ನಗುತ್ತಲೇ ಕಚ್ಚಿದೆ.

ನುಂಗಿದ ಮೇಲೆ ಅಂಗುಳಲ್ಲಿ ಸಣ್ಣಗೆ ಒಂದು ಕಹಿ ಎದ್ದು ಮಾಯವಾಯಿತು. ಅಯ್ಯೋ ದೇವರೇ!

ಆ ಕಹಿ ನಮ್ಮ ಮನೆಯದು. ಅಜ್ಜಿ ಅಕ್ಕಿಯಿಂದ ಮಾಡಿದ ಹೆಪ್ಪಿನದು. ಅಜ್ಜಿಯ ನಂತರ ಅಮ್ಮ, ಅಮ್ಮನ ನಂತರ ನಾನು ಅದಕ್ಕೆ ದಿನಾ ಅನ್ನ ಉಣಿಸಿ ಬದುಕಿಸಿದ್ದೆವು. ಅದಿಲ್ಲದೆ ನಮ್ಮ ಹಿಟ್ಟು ಉಬ್ಬುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಚಳಿಗಾಲದಲ್ಲಿ, ಮಗಳ ಮದುವೆಗೆಂದು ಎರಡು ದಿನ ಹೋಗಿ ಬಂದಾಗ ಹೆಪ್ಪಿನ ಗಡಿಗೆ ಖಾಲಿಯಾಗಿತ್ತು. “ನೀನು ಕಂಬಳಿ ಹೊದಿಸದೆ ಹೋಗಿದ್ದೆ ಅಕ್ಕಾ. ಚಳಿಗೆ ಸತ್ತುಹೋಗಿತ್ತು, ಚೆಲ್ಲಿಬಿಟ್ಟೆ” ಎಂದು ತೆತ್ಸುಯಾ ಅತ್ತಿದ್ದ. ಹೊದಿಸಿದ್ದೆ ಎಂದೇ ನನ್ನ ನೆನಪು. ಅವನ ಅಳು ನೋಡಿ ನನ್ನ ನೆನಪನ್ನೇ ನಂಬದಾದೆ. ಅಂಗಡಿ ಮುಚ್ಚಿತು. ಅಂದಿನಿಂದ ಅಮ್ಮ ನನ್ನ ಕೈಯಿಂದ ಒಂದು ತುತ್ತೂ ತಿಂದಿಲ್ಲ. ವೃದ್ಧಾಶ್ರಮದಲ್ಲಿ ನರ್ಸು ಉಣಿಸಿದರೆ ಬಾಯಿ ತೆರೆಯುತ್ತಾಳೆ, ನಾನು ಚಮಚ ಹಿಡಿದರೆ ಗೋಡೆಯ ಕಡೆ ಹೊರಳುತ್ತಾಳೆ.

ಬಟ್ಟಲು ಹಿಡಿದು ಒಳಗೆ ಹೋದೆ. ಹಬೆಪೆಟ್ಟಿಗೆಗಳ ಹಿಂದೆ, ತಲೆಗೆ ಬಿಳಿಬಟ್ಟೆ ಕಟ್ಟಿಕೊಂಡು ನಿಂತಿದ್ದ ನನ್ನ ತಮ್ಮ. ಪಕ್ಕದ ಗಡಿಗೆಗೆ ನೀಲಿ ಕಂಬಳಿ ಹೊದಿಸಿತ್ತು. ನಾನೇ ಹೊಲಿದ ಕಂಬಳಿ, ಅವತ್ತು ಹೊದಿಸಿ ಹೋಗಿದ್ದ ಅದೇ ಕಂಬಳಿ.

“ಹಿಸಾಯೊ ಅಕ್ಕಾ...”

“ಏನೋ, ಇದೇನಾ ನೀನು ತಿಕ್ಕೋ ತೊಟ್ಟಿ?”

“ಹೆಪ್ಪು ತಂದ್ರೆ ಪಾಲುದಾರನಾಗಿ ಸೇರಿಸ್ಕೋತೀವಿ ಅಂದ್ರು ಈ ಅಂಗಡಿಯವರು. ಕೇಳಿದ್ರೆ ನೀನು ಕೊಡ್ತಿದ್ಯಾ?”

“ಕೊಡ್ತಿರಲಿಲ್ಲ. ಕದ್ದಿದ್ರೆ ನಾಲ್ಕು ಬೈದು ಸುಮ್ನಾಗ್ತಿದ್ದೆ ಕಣೋ! ನನಗೆ ಒಂದು ಸೌಟಾದ್ರೂ ಬಿಟ್ಟಿದ್ರೆ ಎರಡೂ ಕಡೆ ಬದುಕ್ತಿತ್ತು.”

“ಬೇರೆಲ್ಲೂ ಇರಬಾರದು ಅಂದ್ರು.”

“ಅದಕ್ಕೆ ನನ್ನನ್ನ ಕೊಲೆಗಾತಿ ಮಾಡಿದ್ಯಾ? ಅಮ್ಮ ನನ್ನ ಮುಖ ನೋಡಲ್ಲ ಅಂತ ಗೊತ್ತಿದ್ದೂ ಸುಮ್ನಿದ್ಯಲ್ಲೋ!”

ಅವನು ಒಂದು ಡಬ್ಬಿಗೆ ಬನ್ನು ತುಂಬಿ ಎರಡೂ ಕೈಯಲ್ಲಿ ಚಾಚಿದ. “ಅಮ್ಮನಿಗೆ ಕೊಡು. ಎಲ್ಲಾ ಹೇಳ್ಬಿಡು.”

ಮುಖಕ್ಕೆ ಎಸೆಯುವಷ್ಟು ಉರಿ ಹತ್ತಿತ್ತು. ಆದರೆ ನಾನು ಕೊಂದಿಲ್ಲ ಎನ್ನುವುದಕ್ಕೆ ಆ ಬನ್ನೇ ಸಾಕ್ಷಿ. ಡಬ್ಬಿ ತೆಗೆದುಕೊಂಡೆ. ಉಪ್ಪಿನಕಾಯಿ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮನ ಮಂಚದ ಪಕ್ಕ ಕೂತು ಬನ್ನು ಮುರಿದೆ. ವಾಸನೆಗೆ ಅವಳು ಗೋಡೆಯಿಂದ ಇತ್ತ ಹೊರಳಿದಳು. ನನ್ನ ಕೈಯಿಂದಲೇ ಬಾಯಿಗೆ ತೆಗೆದುಕೊಂಡು, ಕಣ್ಣು ಮುಚ್ಚಿ ಅಗಿದಳು. ನನಗೆ ಅಳು ತಡೆಯಲಾಗಲಿಲ್ಲ.

“ನಮ್ಮದು. ಯಾರು ಮಾಡಿದ್ದು?” ಎಂದಳು.

“ತೆತ್ಸುಯಾ. ಹೆಪ್ಪು ಸತ್ತಿರಲಿಲ್ಲ ಅಮ್ಮಾ. ಅವನೇ ಕದ್ದು...”

“ತೆತ್ಸುಯಾ!” ಅವಳ ಮುಖ ಅರಳಿತು. ಮುಂದಿನ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. “ನೋಡಿದ್ಯೇನೇ ಹಿಸಾಯೊ? ನೀನು ಕೊಂದಿದ್ದನ್ನ ನನ್ನ ಮಗ ಬದುಕಿಸಿದ. ಅವನನ್ನ ಕರಿ. ಅವನ ಕೈಯಿಂದ ತಿಂತೀನಿ.”

ಮತ್ತೆ ಗೋಡೆಯ ಕಡೆ ಹೊರಳಿದಳು. ಉಳಿದ ಅರ್ಧ ಬನ್ನು ನನ್ನ ಕೈಯಲ್ಲೇ ಇತ್ತು.